ಕೋಠಿಯಲ್ಲಿ ಕಳೆದ ಅರ್ಧ ಇಂಚು

ರಾಜ್ಯಗಳು ಎದ್ದು ಬಿದ್ದ ಚರಿತ್ರೆ ಬರೆದವರು ಯಾಕೋ ಈ ಸಂಗತಿಯನ್ನು ಬರೆಯದೆ ಬಿಟ್ಟಿದ್ದಾರೆ. ಆದ್ದರಿಂದ ಅದನ್ನು ದಾಖಲಿಸುವ ಭಾರ ನಮ್ಮ ಮೇಲೆ ಬಿದ್ದಿದೆ: ಬುಧವಾರ ಮಧ್ಯಾಹ್ನ, ಹೈದರಾಬಾದಿನ ಕೋಠಿಯ ಸಾವಿತ್ರಿ ಲೇಡೀಸ್ ಟೈಲರ್ಸಿನ ಟ್ರಯಲ್ ರೂಮಿನಲ್ಲಿ, ಸೂಗಮ್ಮನವರ ಹೊಸ ರವಿಕೆಯ ಮೂರನೆಯ ಹುಕ್ಕು ತನ್ನ ಕುಣಿಕೆಯನ್ನು ಮುಟ್ಟಲಿಲ್ಲ.

ನಡುವೆ ಉಳಿದದ್ದು ಅರ್ಧ ಇಂಚು.

“ಉಸರು ಒಳಗ ತಗೋರಿ, ಸೂಗಮ್ಮ,” ಎಂದು ಅಂಗಡಿಯ ಒಡತಿ ಸಾವಿತ್ರಿಬಾಯಿ ಪರದೆಯ ಹೊರಗಿನಿಂದ ಹೇಳಿದರು.

“ತಗೊಂಡೀನ್ರಿ ಬಾಯಾರ. ಇನ್ನ ತಗೊಂಡ್ರ ಮಗಳ ಮದವಿ ನೋಡಾಕ ನಾನೇ ಇರಂಗಿಲ್ಲ.”

ಕತ್ತರಿಸುವ ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂತಿದ್ದ ಶರ್ವರಿ ಈ ಮಾತು ಕೇಳಿ ಇನ್ನೊಂದು ಹೆಸರಿನ ಮುಂದೆ ಗುರುತು ಹಾಕಿದಳು. ಆಕೆ ಅಮೀರ್‌ಪೇಟ್‌ನ ತರಬೇತಿ ಸಂಸ್ಥೆಯೊಂದರಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಪಾಠ ಹೇಳಿ, ಕೊನೆಗೆ ತನ್ನ ಶಿಷ್ಯರು ಕೆಡಿಸಿದ್ದನ್ನು ಪತ್ತೆಹಚ್ಚುವುದರಲ್ಲೇ ಹೆಚ್ಚು ಊಟವಿದೆ ಎಂದು ಕಂಡುಕೊಂಡವಳು. ಇಲ್ಲಿಗೆ ಅವಳನ್ನು ಸಾವಿತ್ರಿಬಾಯಿಯೇ ಕರೆಸಿದ್ದರು.

ಕೆಲವು ವಾರಗಳಿಂದ ಯಾರೋ ಈ ಅಂಗಡಿಯ ಗಿರಾಕಿಗಳ ಅಳತೆಗಳಿಂದ ಅರ್ಧ ಇಂಚು, ಒಂದು ಇಂಚು ಕದಿಯುತ್ತಿದ್ದರು. ಬೇರೇನನ್ನೂ ಮುಟ್ಟಿರಲಿಲ್ಲ. ಕೋಠಿ, ಅಮೀರ್‌ಪೇಟ್, ಲಿಂಗಂಪಲ್ಲಿ ಮೂರೂ ಶಾಖೆಗಳ ಅಳತೆಗಳು ಈಗ ಕ್ಲೌಡಿನಲ್ಲಿದ್ದವು. ನಗರದ ಕನ್ನಡ ಮನೆಗಳ ಹೆಂಗಸರ ರವಿಕೆಗಳೆಲ್ಲ ಒಂದೊಂದಾಗಿ ಬಿಗಿಯಾಗುತ್ತ ಬಂದಿದ್ದವು.

ಕಿಟಕಿಗೆ ತೂಗುಹಾಕಿದ್ದ ರೇಷ್ಮೆಯ ತುಂಡುಗಳನ್ನು ಹಾದು ಬಂದ ಬಿಸಿಲು ನೆಲದ ಮೇಲೆ ಒಮ್ಮೆ ಗುಲಾಬಿ, ಒಮ್ಮೆ ಗಿಳಿಹಸಿರು. ಕೆಳಗಿನ ರಸ್ತೆಯ ಬಸ್ಸುಗಳ ಕೂಗು ನೀರಿನಡಿಯಿಂದ ಬಂದಂತೆ ಮೆತ್ತಗಾಗಿ ಕೇಳುತ್ತಿತ್ತು. ಇಂಥ ಹೊತ್ತಿನಲ್ಲಿ ಯಾರನ್ನಾದರೂ ಅನುಮಾನಿಸುವುದಕ್ಕೆ ಬಹಳ ಶ್ರಮಪಡಬೇಕು.

ಆದರೆ ಮೇಜಿನ ನಡುವೆ ಕಲ್ಲೇಶನ ಕತ್ತರಿ ಬಿದ್ದಿತ್ತು.

ಅದನ್ನು ಅಲ್ಲಿಟ್ಟವನು ಕಲ್ಲೇಶನೇ. ಅಂಗಡಿಯ ಹಳೆಯ ಕಟಿಂಗ್ ಮಾಸ್ಟರ್. ಆ ಕಸುಬಿನ ವಾಡಿಕೆಯಲ್ಲಿ ಕತ್ತರಿಯನ್ನು ಒಡತಿಯ ಮೇಜಿನ ಮೇಲಿಟ್ಟರೆ ಕೆಲಸ ಬಿಟ್ಟಂತೆ. ಒಡತಿ ಅದನ್ನೆತ್ತಿ ಪೆಟ್ಟಿಗೆಯಲ್ಲಿಟ್ಟರೆ ಬಿಡಿಸಿದಂತೆ. ದೀಪ ಹಚ್ಚುವ ಹೊತ್ತಿಗೆ ಎತ್ತಿಡುವುದಾಗಿ ಸಾವಿತ್ರಿಬಾಯಿ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಕಳ್ಳನನ್ನು ಹಿಡಿಯದಿದ್ದರೆ ಕಲ್ಲೇಶನೇ ಕಳ್ಳ.

ಅವನ ಮೇಲಿನ ಆರೋಪ ಚಿಕ್ಕದು, ಗಟ್ಟಿಯದು. ಅಳತೆಗಳು ಬದಲಾಗುವುದು ಮಧ್ಯಾಹ್ನ ಊಟದ ನಂತರ. ಆಗ ಸಾವಿತ್ರಿಬಾಯಿ ಒಳಕೋಣೆಯಲ್ಲಿ ಮಲಗಿರುತ್ತಾರೆ. ಅವರ ಸೋದರಳಿಯ ರವಿಶಂಕರ್ ಬೇರೆ ಶಾಖೆಗಳಿಗೆ ಹೋಗಿರುತ್ತಾನೆ. ಅಂಗಡಿಯಲ್ಲಿ ಉಳಿಯುವವನು ಕಲ್ಲೇಶ ಒಬ್ಬನೇ. ಮೇಲಾಗಿ ಕ್ಲೌಡ್ ಬಂದ ದಿನ ಕಂಪ್ಯೂಟರಿಗೆ ಊದುಬತ್ತಿ ಹಚ್ಚಲು ಒಪ್ಪದವನೂ ಅವನೇ.

“ಮೇಡಂ, ನೀವಾ ಹೇಳ್ರಿ,” ಕಲ್ಲೇಶ ಟ್ರಯಲ್ ರೂಮಿನ ಹೊರಗನ್ನಡಿಯಲ್ಲಿ ಬಣ್ಣ ಹಚ್ಚಿದ ಮೀಸೆ ತೀಡಿಕೊಳ್ಳುತ್ತ ಅಂದ. “ಕದಿಯಾಂವ ಅರ್ಧ ಇಂಚು ಯಾಕ ಕದೀತಾನ್ರಿ? ಪೈಠಣಿ ಬಟ್ಟಿ ಗಜಗಟ್ಟಲೆ ಬಿದ್ದೈತಿ.”

“ಅದನ್ನೂ ಒಮ್ಮೆ ಅಳದ ನೋಡೂನು,” ಎಂದ ರವಿಶಂಕರ್.

“ಅಳೀರಿ ಸಾಹೇಬ್ರ. ಅಳದು ಮೋಡದಾಗ ಇಡ್ರಿ.”

“ಕಲ್ಲೇಶ!” ಸಾವಿತ್ರಿಬಾಯಿ ಗದರಿದರು.

ಶರ್ವರಿ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. “ರವಿಶಂಕರ್, ಇಲ್ಲಿ ಎಲ್ಲಾ ಅಳತಿ ಕೆಳಗೂ ಒಂದೇ ಹೆಸರೈತಿ. ಬದಲಿಸಿದವರು: ಅಮ್ಮ. ಬೆಳಿಗ್ಗೆ ಲಿಂಗಂಪಲ್ಲ್ಯಾಗ ಹೊಸಾ ಗಿರಾಕಿ ಅಳತಿ ಬರದದ್ದೂ ಅಮ್ಮ. ಅದೇ ಹೊತ್ತಿಗೆ ಅಮೀರ್‌ಪೇಟ್‌ನ್ಯಾಗ ಬರದದ್ದೂ ಅಮ್ಮ. ನಿಮ್ಮ ಅತ್ತಿ ಹಾರ್ತಾರೇನು?”

“ಎಲ್ಲಾರೂ ಅಮ್ಮ ಅಂತಾನೇ ಒಳಗ ಹೋಗ್ತಾರ್ರಿ. ಪಾಸ್‌ವರ್ಡ್ ಒಂದೈತಿ.”

“ಯಾರ‍್ಯಾರಿಗೆ ಗೊತ್ತು?”

“ಯಾರಿಗೆ ಗೊತ್ತಿಲ್ಲ ಅಂತ ಕೇಳ್ರಿ, ಜಲ್ದಿ ಮುಗೀತೈತಿ,” ಎಂದ ಕಲ್ಲೇಶ. “ಹುಕ್ಕು ಹಚ್ಚಾವ್ರಿಗೆ ಗೊತ್ತು. ಇಸ್ತ್ರಿ ಮಾಡಾವ್ರಿಗೆ ಗೊತ್ತು. ಕೆಳಗ ಚಾಯ್ ಅಂಗಡಿಯಾಂವ ನಿನ್ನೆ ನನಗೇ ನೆನಪ ಮಾಡಿ ಕೊಟ್ಟ.”

ಪಾಸ್‌ವರ್ಡು ಮನೆದೇವರ ಹೆಸರು. ದೇವರ ಫೋಟೋ ಕಂಪ್ಯೂಟರಿನ ಮೇಲೆಯೇ ತೂಗುತ್ತಿತ್ತು. ಮರೆತವರು ತಲೆಯೆತ್ತಿ ನೋಡಿದರಾಯಿತು. ಹೈದರಾಬಾದಿನಲ್ಲಿ ದಿನವೂ ಹೂ ಏರಿಸಿಕೊಳ್ಳುವ ಪಾಸ್‌ವರ್ಡು ಬಹುಶಃ ಇದೊಂದೇ.

“ನಾ ಮದಲ ಎಲ್ಲಾರಿಗೂ ಬ್ಯಾರೆ ಬ್ಯಾರೆ ಮಾಡಿದ್ನ್ರಿ,” ರವಿಶಂಕರ್ ದನಿ ತಗ್ಗಿಸಿದ. “ಅತ್ತಿ ಎರಡ ದಿನ ಉಣಲಿಲ್ಲ.”

ಸಾವಿತ್ರಿಬಾಯಿ ಸೂಜಿಗೆ ದಾರ ಪೋಣಿಸುತ್ತಿದ್ದವರು ನಿಲ್ಲಿಸಿದರು. “ಹೆಂಗ ಉಣ್ಣಲಿ? ಒಬ್ಬೊಬ್ಬರಿಗೆ ಒಂದೊಂದು ಕೀಲಿ ಅಂದ್ರ ಒಬ್ಬೊಬ್ಬರಿಗೆ ಒಂದೊಂದು ಒಲಿ ಹೂಡಿದಂಗ ಆತಲ್ಲೇನು? ಇವನ ಹೇಣತಿ ಪಿಂಕಿ ಲಿಂಗಂಪಲ್ಲಿ ಅಂಗಡ್ಯಾಗ ಕುಂದರ್ತಾಳ. ಆಕೀಗೆ ಬ್ಯಾರೆ ಕೀಲಿ, ನನಗ ಬ್ಯಾರೆ ಕೀಲಿ. ಸಾವಿತ್ರಿಬಾಯಿ ಮನಿ ಪಾಲಾತು ಅಂತ ಮಂದಿ ಅನ್ನಂಗಿಲ್ಲೇನು? ನಾ ಇರೂತನಕ ಈ ಮನಿಯಾಗ ಒಂದೇ ಪಾಸ್‌ವರ್ಡ್.”

ಕಂಪ್ಯೂಟರಿನ ಪಾಠದಲ್ಲಿ ಒಲೆಯ ವಿಷಯ ಬರುವುದಿಲ್ಲ.

“ಅಳತಿ ಜಂಪರ್ ಎಲ್ಲಿಟ್ಟೀರಿ?” ಎಂದು ಶರ್ವರಿ ಕೇಳಿದಳು. ಹಿಂದೆಲ್ಲ ಪ್ರತಿ ಗಿರಾಕಿಯೂ ಮೈಗೆ ಸರಿಯಾದ ಒಂದು ಹಳೆಯ ರವಿಕೆಯನ್ನು ಅಳತೆಗೆಂದು ಅಂಗಡಿಯಲ್ಲೇ ಬಿಟ್ಟಿರುತ್ತಿದ್ದಳು. ಹೆಸರಿನ ಚೀಟಿ ಕಟ್ಟಿದ ಗಂಟುಗಳು ಗೋಡೆಯುದ್ದಕ್ಕೂ ಕೂತಿರುತ್ತಿದ್ದವು.

“ವಾಪಸ್ ಕೊಟ್ಟೀವ್ರಿ,” ಎಂದ ರವಿಶಂಕರ್. “ಕ್ಲೌಡ್ ಬಂದ ವಾರಾನೇ. ಜಾಗಾ ಭಾಳ ತಿಂತಿದ್ವು.”

“ಒಂದ ಸೀಸನ್ ಎರಡೂ ಇಟ್ಟು ನೋಡಲಿಲ್ಲ?”

“ಕ್ಲೌಡ್ ಕಂಪನಿಯವರು ಹೇಳ್ಯಾರ್ರಿ, ಎಲ್ಲಾ ಸೇಫ್ ಇರ್ತೈತಿ ಅಂತ.”

“ಸೇಫೇ ಐತಪಾ. ನೀವು ತಪ್ಪು ಬರದ್ರ ಆ ತಪ್ಪೂ ಅಷ್ಟೇ ಸೇಫ್ ಇರ್ತೈತಿ.”

“ಮೂರೂ ಅಂಗಡ್ಯಾಗ ಕಾಪಿ ಐತಲ್ರಿ!”

“ಅದು ಕಾಪಿ ಅಲ್ಲ, ಕನ್ನಡಿ. ಇಲ್ಲಿ ಮೂಗು ಕೊಯ್ಕೊಂಡ್ರ ಮೂರೂ ಕನ್ನಡ್ಯಾಗ ಮೂಗು ಇರಂಗಿಲ್ಲ. ಕಾಪಿ ಅಂದ್ರ ಬ್ಯಾರೆ ಪೆಟಿಗ್ಯಾಗ ಇಟ್ಟು, ಯಾರೂ ಮುಟ್ಟದಂಗ ಇಡೋದು.”

ರವಿಶಂಕರ್ ಕನ್ನಡಿಯ ಕಡೆ ನೋಡಿದ. ಅಲ್ಲಿ ಕಲ್ಲೇಶ ತೃಪ್ತಿಯಿಂದ ತಲೆಯಾಡಿಸುತ್ತಿದ್ದ.

ಪರದೆ ಸರಿಸಿ ಸೂಗಮ್ಮ ಹೊರಗೆ ಬಂದರು. ಹುಕ್ಕು ಸಿಗದ ರವಿಕೆಯ ಮೇಲೆ ಸೆರಗು ಎಳೆದುಕೊಂಡಿದ್ದರು. ಮುಖದಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು.

“ನಂದು ಹೋಗ್ಲಿ ಬಿಡ್ರಿ, ಹಳೇದು ಉಟ್ಟಗೊಂಡೇನು. ನಮ್ಮ ಕಾವ್ಯಾಂದು? ನಾಡದು ಮದವಿ. ಆಕಿ ಬೀದರ್‌ನ್ಯಾಗ ಅದಾಳ, ಅರಿಶಿಣ ಹಚ್ಚ್ಯಾರ, ಹೊಸ್ತಲಾ ದಾಟಂಗಿಲ್ಲ, ಅಲ್ಲಿ ನೆಟ್ಟಗ ಟೇಪ್ ಹಿಡಿಯಾಕ ಬರೂವರೂ ಯಾರಿಲ್ಲ. ಧಾರೀ ಜಂಪರ್ ನಾ ನಾಳೆ ತಗೊಂಡು ಹೋಗಬೇಕು. ಇವತ್ತ ಸಂಜಿಕೆ ಕತ್ತರಿಸ್ತೀವಿ ಅಂದೀರಿ.”

“ಆಕೀ ಅಳತಿ ಹಿಂದೆಂದಾರ ಇಲ್ಲಿ ಕೊಟ್ಟಿದ್ರೇನ್ರಿ?” ಎಂದಳು ಶರ್ವರಿ.

“ಇಲ್ರಿ. ಹುಡುಗಿ ಹುಟ್ಟಿದಾಗಿಂದ ರೆಡಿಮೇಡ್ ಬಿಟ್ಟು ಒಂದೂ ಹಾಕಿಲ್ಲ. ಹೋದ ತಿಂಗಳ ಮದಲನೇ ಸಲ ಲಿಂಗಂಪಲ್ಲಿ ಅಂಗಡ್ಯಾಗ ಪಿಂಕಿ ತಗೊಂಡ್ಳು.”

ಶರ್ವರಿ ಹುಡುಕಿದಳು. ಕಾವ್ಯಾ, ಎದೆ ಮೂವತ್ತೆರಡು. ತಿಂಗಳಿಂದ ಯಾರೂ ಮುಟ್ಟಿರಲಿಲ್ಲ. ಸೂಗಮ್ಮ ಬಿಟ್ಟ ಉಸಿರಿಗೆ ಎರಡನೆಯ ಹುಕ್ಕೂ ಕಳಚಿತು.

ಮುಟ್ಟಿದವು ಬೇರೆ. ಶರ್ವರಿ ಅವನ್ನು ಗಟ್ಟಿಯಾಗಿ ಓದತೊಡಗಿದಳು. ಪತ್ತೆದಾರರು ಯೋಚಿಸುತ್ತಾರೆ ಎಂಬುದು ಗಿರಾಕಿಗಳ ನಂಬಿಕೆ. ಶರ್ವರಿ ಮಾತ್ರ ಯೋಚನೆ ಬರದಿದ್ದಾಗ ಓದುತ್ತಿದ್ದಳು.

“ಸೂಗಮ್ಮ, ಮೂವತ್ತೇಳೂವರೆ. ಶೋಭಾ, ಮೂವತ್ನಾಲ್ಕು. ಶಿವಗಂಗಾ, ಮೂವತ್ತಮೂರು…”

“ತಡಿ.” ಸಾವಿತ್ರಿಬಾಯಿಯ ಕೈಯಿಂದ ಸೂಜಿ ಜಾರಿತ್ತು. “ಶಿವಗಂಗಾ ಎಷ್ಟಂದಿ?”

“ಮೂವತ್ತಮೂರು.”

“ಅದು ಆಕಿ ಲಾಕ್‌ಡೌನ್ ಮದಲಿನ ಅಳತಿ. ಆಮ್ಯಾಲ ಆಕಿ ಮನಿಯಾಗ ಕುಂತು ಒಂದ ಇಂಚು ಬೆಳದ್ಳು.” ಅವರ ಕಣ್ಣು ಗೋಡೆಯ ಮೇಲಿತ್ತು, ಗೋಡೆಯ ಆಚೆ ಎಲ್ಲೋ. “ಶೋಭಾಂದು ಸೀಮಂತದಕಿಂತ ಮದಲಿಂದು. ಸೂಗಮ್ಮ, ನಿಂದು… ನಿನ್ನ ಹಿರೇಮಗನ ಮದವ್ಯಾಗಿಂದು. ನಾನೇ ಟೇಪ್ ಹಿಡದಿದ್ದೆ.”



ಶರ್ವರಿಗೆ ಆ ಬಣ್ಣದ ಬೆಳಕಿನಲ್ಲಿ ಒಂದು ಚಿತ್ರ ಕಂಡಿತು. ಯಾರೋ ಈ ನಗರದ ಹೆಂಗಸರನ್ನು ಮೆಲ್ಲಗೆ ಕೈಹಿಡಿದು ಹಿಂದಕ್ಕೆ ನಡೆಸುತ್ತಿದ್ದಾರೆ. ದಿನಕ್ಕೆ ಒಬ್ಬಿಬ್ಬರನ್ನು, ಎಚ್ಚರವಾಗದಂತೆ. ಶೋಭಾ ಇನ್ನೂ ತಾಯಿಯಾಗಿಲ್ಲ. ಸೂಗಮ್ಮ ಹಿರಿಯ ಸೊಸೆಯನ್ನು ಈಗಷ್ಟೇ ಮನೆ ತುಂಬಿಸಿಕೊಳ್ಳುತ್ತಿದ್ದಾರೆ. ಯಾರ ಬೆನ್ನೂ ಬಾಗಿಲ್ಲ, ಯಾರೂ ಸತ್ತಿಲ್ಲ.

“ಅವರೇ ಮಾಡಾಕತ್ಯಾರ,” ಎಂದರು ಸಾವಿತ್ರಿಬಾಯಿ.

ಎಲ್ಲರೂ ಮನೆದೇವರ ಪಕ್ಕದ ಇನ್ನೊಂದು ಫೋಟೋ ನೋಡಿದರು. ಹಣೆಗೆ ವಿಭೂತಿ ಬಳಿದ ಸೂಗಪ್ಪ, ಸಾವಿತ್ರಿಬಾಯಿಯ ಗಂಡ, ಹೋದ ವರ್ಷ ತೀರಿಕೊಂಡವರು.

“ನಾ ಒಳಗ ಅಳತಿ ತಗೊಂಡು ಕೂಗತಿದ್ದೆ. ಅವರು ಹೊರಗ ಕುಂತು ತಮ್ಮ ಫೋನ್‌ನ್ಯಾಗ ಒಂದ ಬೆರಳಲೇ ಹೊಡೀತಿದ್ರು. ಯಾರಿಗಾರ ಅಳತಿ ಹೆಚ್ಚಾತು ಅಂದ್ರ ಮಾರಿ ಸಣ್ಣ ಮಾಡತಿದ್ರು, ಹಳೇದನ್ನ ಹಂಗ ಬಿಡತಿದ್ರು. ನಾವು ವಯಸ್ಸಾಗೂದು ಅವರಿಗೆ ಸೇರತಿದ್ದಿಲ್ಲ.”

ಸೂಗಮ್ಮ ಕೈಮುಗಿದರು. ಕಲ್ಲೇಶನಿಗೆ ಮಾತ್ರ ಭಕ್ತಿ ಹುಟ್ಟಲಿಲ್ಲ.

“ಸತ್ತವರ ತಪ್ಪಿಗೆ ಇದ್ದವನ ಕತ್ತರಿ ಕಸಗೋತೀರಿ ಅಂದ್ರ ಇದ್ಯಾವ ನ್ಯಾಯರಿ, ಅವ್ವಾರ?”

“ಸತ್ತವರು ಮಾಡಿಲ್ಲ,” ಎಂದು ಶರ್ವರಿ ಎದ್ದು ನಿಂತಳು. “ಸತ್ತವರ ಫೋನ್ ಮಾಡಾಕತ್ತೈತಿ. ಎಲ್ಲೈತಿ ಅದು?”

“ಮಾಮಾನ ಕಪಾಟಿನ್ಯಾಗ,” ಎಂದ ರವಿಶಂಕರ್.

ಸಾವಿತ್ರಿಬಾಯಿ ಬಗ್ಗಿ ನೆಲದ ಮೇಲೆ ಸೂಜಿ ಹುಡುಕತೊಡಗಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹುಡುಕಿದರು.

“ಬಾಯಾರ,” ಎಂದಳು ಶರ್ವರಿ.

“ಸೂಜಿ ಕಾಲಿಗೆ ಚುಚ್ಚೀತು, ತಡಿ.”

“ಸೂಜಿ ನಿಮ್ಮ ಸೆರಗಿನ್ಯಾಗ ಐತಿ. ಫೋನ್ ಎಲ್ಲೈತ್ರಿ?”

“ಕಪಾಟಿನ್ಯಾಗ ಅಂದನಲ್ಲ ಅಂವ.”

“ಅಂವ ಅಂದ. ನೀವು ಅನ್ನಲಿಲ್ಲ. ದೀಪ ಹಚ್ಚಿದಮ್ಯಾಲ ಈ ಕತ್ತರಿ ಎತ್ತಿಡ್ತೀರಿ. ಕಲ್ಲೇಶ ಕಳ್ಳ ಅಂತ ಕೋಠಿಯೊಳಗ ಹೆಸರಾತಂದ್ರ ಇವರನ್ನ ಇನ್ನ್ಯಾರೂ ಮೇಜಿನ ಹತ್ರ ನಿಲ್ಲಿಸಿಕೊಳ್ಳಂಗಿಲ್ಲ. ಗೊತ್ತಿದ್ದೂ ಎತ್ತಿಡ್ತೀರೇನು?”

ಸಾವಿತ್ರಿಬಾಯಿ ನೆಟ್ಟಗಾದರು. ಕಣ್ಣಲ್ಲಿ ಸಿಟ್ಟು, ಅದರಡಿ ನಾಚಿಕೆ.

“ದಾನಾ ಕೊಟ್ಟೆ,” ಎಂದರು.

“ಅತ್ತೀ!”

“ನಿಮ್ಮ ಮಾಮಾ ತೀರಿದಮ್ಯಾಲ, ಶಿವಗಣಾರಾಧನಿ ದಿನಾ, ನಮ್ಮ ಜಂಗಮರು ಅಮರಯ್ಯನವರಿಗೆ ಮಾಮಾನ ಧೋತ್ರ, ಕೊಡಿ, ಚಪ್ಪಲಿ ಕೊಟ್ಟೆ. ದಿನಾ ಕೈಯಾಗ ಹಿಡದಿದ್ದು ಫೋನ್. ಅದನ್ನ ಬಿಟ್ಟು ಬರೇ ಕೊಡಿ ಕೊಟ್ರ ಅವರ ಜೀವಾ ಅದರಾಗ ತಿರಗೂದಿಲ್ಲೇನು? ಅದಕ್ಕ ಕೊಟ್ಟೆ. ನಿನಗ ಹೇಳಿದ್ರ ನೀ ನಗತಿದ್ದಿ.”

“ಒಳಗಿಂದು ಅಳಿಸಿ ಕೊಟ್ರೇನ್ರಿ?” ಎಂದಳು ಶರ್ವರಿ, ಉತ್ತರ ಗೊತ್ತಿದ್ದೂ.

“ಸಕ್ಕರಿ ತಗದು ಹೋಳಿಗಿ ಬಡಸ್ತಾರೇನವಾ? ಕೊಟ್ಟ ದಾನದೊಳಗಿಂದ ಏನೂ ಹಿರಿಯಬಾರದು. ಹೆಂಗಿತ್ತೋ ಹಂಗ ಕೊಟ್ಟೆ.”

ಹೀಗೆ, ಅಂಗಡಿಯ ಸಮಸ್ತ ಹೆಂಗಸರ ಹಳೆಯ ಅಳತೆಗಳು, ಮನೆದೇವರ ಹೆಸರಿನ ಬೀಗದ ಕೀಲಿಯ ಸಮೇತ, ಒಂದು ಕೊಡೆ ಮತ್ತು ಒಂದು ಜೊತೆ ಚಪ್ಪಲಿಯೊಂದಿಗೆ ಸುಲ್ತಾನ್ ಬಜಾರಿನ ಅಮರಯ್ಯನವರ ಜೋಳಿಗೆಗೆ ಸೇರಿದ್ದವು. ಸತ್ತವರ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಲು ಓಡಾಡಿದ್ದ ರವಿಶಂಕರ್, ಕ್ಲೌಡಿನಿಂದ ತೆಗೆಯಬೇಕೆಂದು ಯೋಚಿಸಿರಲಿಲ್ಲ. ಅಲ್ಲಿ ಸತ್ತವರ ಹೆಸರೇ ಇರಲಿಲ್ಲವಲ್ಲ. ಅಲ್ಲಿ ಎಲ್ಲರೂ ಅಮ್ಮ.

ಕರೆ ಕಳಿಸಿದ ಸ್ವಲ್ಪ ಹೊತ್ತಿಗೆ ಅಮರಯ್ಯನವರು ಮೆಟ್ಟಿಲೇರಿ ಬಂದರು. ಕಾಲಲ್ಲಿ ಸೂಗಪ್ಪನವರ ಚಪ್ಪಲಿ. ಸಾವಿತ್ರಿಬಾಯಿ ಅವನ್ನೊಮ್ಮೆ ನೋಡಿ ಮುಖ ತಿರುಗಿಸಿದರು.

“ಅಯ್ಯಾರ, ಆ ಫೋನ್ ಯಾವಾಗ ಹಚ್ತೀರಿ?” ಎಂದಳು ಶರ್ವರಿ.

“ಮಾತಾಡಾಕ ನನ್ನ ಬಟನ್ ಫೋನ್ ಐತಿ ತಾಯಿ. ಇದನ್ನ ಈಗೀಗ ಕೆಲವು ವಾರದಿಂದ ಊಟ ಆದಮ್ಯಾಲ ಹಚ್ತೀನಿ, ಪಂಚಾಂಗ ನೋಡಾಕ. ಇಲ್ಲೇ ಕೆಳಗಿನ ಚಾಯ್ ಅಂಗಡಿ ವೈಫೈ ಸಿಗತೈತಿ. ಎರಡ ಗಳಿಗಿ ನೋಡಿ ಆರಿಸಿಬಿಡ್ತೀನಿ.”

“ಈಗ ಹಚ್ರಿ.”

ಅಮರಯ್ಯನವರು ಜೋಳಿಗೆಯಿಂದ ತೆಗೆದು ಗುಂಡಿ ಒತ್ತಿ, ಕತ್ತರಿಯ ಪಕ್ಕದಲ್ಲಿಟ್ಟರು. ಒಡೆದ ಗಾಜಿನ ಹಿಂದೆ ಬೆಳಕು ಮೂಡಿತು. ಅದರಲ್ಲಿ ಇನ್ನೂ ಕಪ್ಪು ಕೂದಲಿನ ಸಾವಿತ್ರಿಬಾಯಿ, ಕೊರಳಲ್ಲಿ ಟೇಪು, ಯಾರದೋ ಮಾತಿಗೆ ನಗುತ್ತಿದ್ದರು.

ಶರ್ವರಿ ಲ್ಯಾಪ್‌ಟಾಪನ್ನು ಎಲ್ಲರ ಕಡೆ ತಿರುಗಿಸಿದಳು.

ಹಳೆಯ ಫೋನು ವೈಫೈ ಹುಡುಕಿತು, ಸಿಕ್ಕಿತು, ಸುಮ್ಮನಿತ್ತು. ಹೊರಗೆ ಮೋಡದ ಚೂರೊಂದು ಸೂರ್ಯನನ್ನು ದಾಟಿರಬೇಕು. ನೆಲದ ಮೇಲಿನ ಗುಲಾಬಿ ಮಸುಕಾಗಿ ಮತ್ತೆ ತಿಳಿಯಾಯಿತು. ಆಗ ಲ್ಯಾಪ್‌ಟಾಪಿನಲ್ಲಿ, ಯಾರೂ ಮುಟ್ಟದೆ, ಸುಗಲಮ್ಮ ಎಂಬ ಇನ್ನೊಬ್ಬ ಗಿರಾಕಿಯ ಹೆಸರಿನ ಮುಂದಿದ್ದ ನಲವತ್ತು, ಮೂವತ್ತೊಂಬತ್ತಾಯಿತು. ಬದಲಿಸಿದವರು: ಅಮ್ಮ.

“ಶಿವಶಿವಾ,” ಎಂದರು ಅಮರಯ್ಯನವರು.

“ನೋಡಿದ್ರಿ? ಇದರೊಳಗ ಹಳೇ ಅಳತಿ ಅದಾವ. ವೈಫೈ ಸಿಕ್ಕಾಗೊಮ್ಮೆ ಒಂದೆರಡು ಮ್ಯಾಲ ಕ್ಲೌಡಿಗೆ ಕಳಸ್ತೈತಿ. ಕ್ಲೌಡ್ ಅವು ಹೊಸಾವು ಅಂತ ನಂಬಿ ತಗೋತೈತಿ. ಯಾಕ ನಂಬಬಾರದು? ಹೇಳಾಕತ್ತಾಕಿ ಅಮ್ಮ.”

ಶರ್ವರಿ ಫೋನನ್ನು ಆರಿಸಿದಳು. ಗಾಜು ಕಪ್ಪಾಯಿತು, ನಗುತ್ತಿದ್ದ ಸಾವಿತ್ರಿಬಾಯಿ ಒಳಗೆ ಹೋದರು.

ಹೊರಗಿದ್ದ ಸಾವಿತ್ರಿಬಾಯಿ ಬಹಳ ಹೊತ್ತು ಆ ಕಪ್ಪು ಗಾಜನ್ನೇ ನೋಡಿದರು. ಕಳ್ಳ ಸಿಕ್ಕಿದ್ದು ಅವರಿಗೆ ಅಷ್ಟೇನೂ ಇಷ್ಟವಾದಂತಿರಲಿಲ್ಲ. ಆಮೇಲೆ ಕತ್ತರಿಯನ್ನೆತ್ತಿ ಕಲ್ಲೇಶನ ಮುಂದೆ ಹಿಡಿದರು.

“ತಗೋ. ತಪ್ಪಾತು.”

ಕಲ್ಲೇಶ ಕೈ ಚಾಚಿದ. ಆದರೆ ಹಿಡಿಯುವ ಮೊದಲು ಮೀಸೆ ತೀಡಿಕೊಂಡ. ಅಷ್ಟು ಕೊಸರು ಅವನಿಗೂ ಬೇಕಿತ್ತು. “ಮಂದಿ ಮುಂದ ಕಳ್ಳ ಅಂದ್ರಿ. ತಪ್ಪಾತು ಅನ್ನೂದು ಮಾತ್ರ ಮೆತ್ತಗ ಅಂತೀರಿ.”

“ಇನ್ನ ಮೈಕ್ ತರಸ್ಲೇನು? ಹಿಡಿ!”

ಸೂಗಮ್ಮ ನಕ್ಕರು. ರವಿಶಂಕರ್ ಕೆಳಗಿನಿಂದ ತಂದ ಚಾಯ್ ಗ್ಲಾಸುಗಳ ತಟ್ಟೆ ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನ ಮುಖಕ್ಕೆ ಬಣ್ಣ ಮರಳಿತ್ತು. “ಹಂಗಾರ ಕಳ್ಳರೇ ಇಲ್ಲಂತಾತಲ್ರಿ, ಮೇಡಂ?”

ಶರ್ವರಿ ಹೌದೆನ್ನಲು ಬಾಯಿ ತೆರೆದಳು.

ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಮಿನುಗಿತು.

ಕಾವ್ಯಾ, ಎದೆ ಮೂವತ್ತೊಂದೂವರೆ.

ಶರ್ವರಿ ಮೊದಲು ಫೋನು ನೋಡಿದಳು. ಆರಿಸಿದ್ದು ಆರಿಸಿದಂತೆಯೇ ಬಿದ್ದಿತ್ತು. ಆಮೇಲೆ ಕೈಗಳನ್ನು ನೋಡಿದಳು. ಸಾವಿತ್ರಿಬಾಯಿಯ ಕೈ ಕತ್ತರಿಯ ಒಂದು ತುದಿಯಲ್ಲಿ, ಕಲ್ಲೇಶನದು ಇನ್ನೊಂದು ತುದಿಯಲ್ಲಿ. ಸೂಗಮ್ಮನವರದು ಸೆರಗಿನಲ್ಲಿ. ಅಮರಯ್ಯನವರದು ಜೋಳಿಗೆಯ ಮೇಲೆ. ರವಿಶಂಕರನ ಕೈಯಲ್ಲಿ ತಟ್ಟೆ.

ಕಾವ್ಯಾಳಿಗೆ ಹಳೆಯ ಅಳತೆಯೇ ಇರಲಿಲ್ಲ. ಸೂಗಪ್ಪನವರ ಫೋನಿನಲ್ಲಿ ಆ ಹುಡುಗಿ ಹುಟ್ಟಿಯೇ ಇರಲಿಲ್ಲ. ಇದನ್ನು ಯಾರೋ ಎಲ್ಲೋ ಕೂತು, ಬೆರಳಿನಿಂದ, ಬೇಕೆಂದೇ ಹೊಡೆದಿದ್ದರು.

“ಮೂವತ್ತೆರಡೇ ಇತ್ತಲ್ರಿ?” ಸೂಗಮ್ಮ ಲ್ಯಾಪ್‌ಟಾಪಿನತ್ತ ಬಾಗಿದರು. “ಈಗಷ್ಟೇ ನೋಡೀವಿ. ಅದರ ಪ್ರಕಾರ ಕತ್ತರಿಸ್ರಿ.”

ಕಲ್ಲೇಶ ಕತ್ತರಿಯನ್ನು ತೆಗೆದುಕೊಂಡ. ತೆರೆಯಲಿಲ್ಲ. “ಆ ಮೂವತ್ತೆರಡಾರ ಖರೇ ಅಳತಿ ಅಂತ ಯಾರು ಹೇಳಬೇಕ್ರಿ, ಅವ್ವಾರ?”

ಎಲ್ಲರೂ ಸಾವಿತ್ರಿಬಾಯಿಯನ್ನು ನೋಡಿದರು. ಊರಿನ ಹೆಂಗಸರ ಅಳತೆಗಳೆಲ್ಲ ಬಾಯಿಪಾಠವಿದ್ದ ಅವರು ಈ ಒಂದು ಮೈಗೆ ಟೇಪು ಹಿಡಿದಿರಲಿಲ್ಲ.

ಸಾಲಿನ ಕೆಳಗೆ ಬರೆದಿತ್ತು. ಬದಲಿಸಿದವರು: ಅಮ್ಮ.

ಕಲ್ಲೇಶನ ಕೆಲಸ ಉಳಿಯಿತು. ಕಾವ್ಯಾಳ ಧಾರೆಯ ರವಿಕೆಯನ್ನು ಆ ಸಂಜೆ ಯಾರೂ ಕತ್ತರಿಸಲಿಲ್ಲ.